ಬಚ್ಚಲದ ಬಿಸಿನೀರು: ಹಂಡೆಯೋ, ಗೀಸರೋ, ಸೋಲಾರೋ?

ಬೆಳಗಿನ ಬಸ್ಸು ಯಾರಿಗೂ ಕಾಯುವುದಿಲ್ಲ. ಶಿಗ್ಗಾಂವಿಯಿಂದ ಹುಬ್ಬಳ್ಳಿಗೆ, ಹಾನಗಲ್ಲದಿಂದ ಹಾವೇರಿಗೆ, ಹಿರೇಕೆರೂರದಿಂದ ರಾಣೇಬೆನ್ನೂರಿಗೆ, ಸವಣೂರದಿಂದ ಎಲ್ಲ ದಿಕ್ಕಿಗೂ ದಿನಬೆಳಗಾದರೆ ನೂರಾರು ಜನ ಹೊರಡುತ್ತಾರೆ. ನೌಕರಿಯವರು, ಕಾಲೇಜು ಹುಡುಗರು, ಸರಕು ತರುವ ಅಂಗಡಿಕಾರರು, ದವಾಖಾನೆಗೆ ಹೋಗುವವರು. ಇವರೆಲ್ಲರ ಮನೆಯಲ್ಲಿ ಹೊತ್ತು ಮೂಡುವ ಮೊದಲೇ ಏಳುವ ಜಗಳ ಒಂದೇ.

“ತಮ್ಮಾ, ಲಗೂನ ಹೊರಗ ಬಾರೋ, ನಿಮ್ಮ ಅಪ್ಪಾರಿಗೆ ಬಸ್ಸು ತಪ್ಪತೈತಿ.”

“ನಾ ಏನ್ ಮಾಡ್ಲಿ ಬೇ, ನಳದಾಗ ಬಿಸಿನೀರು ದಾರದ ಎಳಿಯಂಗ ಬರಾಕತ್ತೈತಿ.”

ಸಾವಿರಾರು ರೂಪಾಯಿ ಕೊಟ್ಟು ತಂದ ಗೀಸರು ಗೋಡೆಯ ಮೇಲೆ ಕೆಂಪು ದೀಪ ಹಚ್ಚಿಕೊಂಡು ಕೂತಿರುತ್ತದೆ. ಬಕೆಟ್ಟು ಮಾತ್ರ ತುಂಬುವುದಿಲ್ಲ. ಕೊನೆಗೆ ಮನೆಯೊಡೆಯರು ತಣ್ಣೀರನ್ನೇ ಎರಡು ತಂಬಿಗೆ ಸುರಿದುಕೊಂಡು, ತಲೆಗೆ ಟವೆಲ್ಲು ಸುತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಓಡುತ್ತಾರೆ. ಹಿತ್ತಲಲ್ಲಿ ಬೋರಲು ಬಿದ್ದ ತಾಮ್ರದ ಹಂಡೆ ಇದನ್ನೆಲ್ಲ ನೋಡಿ ನಕ್ಕರೆ ಆಶ್ಚರ್ಯವಿಲ್ಲ.

ಬಿಸಿನೀರು ಸಣ್ಣ ಸಂಗತಿಯೆಂದು ತಳ್ಳಿಬಿಡುವವರಿದ್ದಾರೆ. ಆದರೆ ಮನೆಯ ಕರೆಂಟ್ ಬಿಲ್ಲು ಏರುವುದು ಇದರಿಂದ, ಹೆಣ್ಣುಮಕ್ಕಳ ಕಣ್ಣಿಗೆ ಹೊಗೆ ತುಂಬುವುದು ಇದರಿಂದ, ತಪ್ಪು ಜೋಡಣೆಯಾದರೆ ಬಚ್ಚಲಿಗೆ ಹೋದವರು ಜೀವಂತ ಹೊರಗೆ ಬಾರದೆ ಹೋಗುವುದೂ ಇದರಿಂದಲೇ. ಇಷ್ಟೆಲ್ಲ ಇದ್ದರೂ ಕೊಳ್ಳುವ ಹೊತ್ತಿಗೆ ವಿಚಾರಿಸುವುದು ಎರಡೇ ಮಾತು: “ಎಷ್ಟ್ರೀ ರೇಟು? ಗ್ಯಾರಂಟಿ ಎಷ್ಟ್ ವರ್ಷ?” ಕೇಳಬೇಕಾದ ಮಾತು ಬೇರೆ ಇವೆ.

ಒಂದು ಬಕೆಟ್ಟಿನ ಲೆಕ್ಕ

ಕಿರಾಣಿ ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಬಿಸಿನೀರಿಗೂ ಅಂಥದೇ ಒಂದು ಲೆಕ್ಕವಿದೆ. 20 ಲೀಟರಿನ ಒಂದು ಬಕೆಟ್ ನೀರು. ಚಳಿಗಾಲದ ಬೆಳಿಗ್ಗೆ ಟಾಕಿಯ ನೀರು 22 ಡಿಗ್ರಿ ಇದೆ ಎಂದಿಟ್ಟುಕೊಳ್ಳಿ. ಮೈಗೆ ಹಿತವಾಗುವುದು 42 ಡಿಗ್ರಿಯ ಸುಮಾರಿಗೆ. ಆ 20 ಡಿಗ್ರಿ ಏರಿಸಲು ಬೇಕಾದ ವಿದ್ಯುತ್ತು ಸರಿಸುಮಾರು ಅರ್ಧ ಯೂನಿಟ್. ಗೀಸರು ಯಾವ ಕಂಪನಿಯದಾದರೂ ಅಷ್ಟೇ, ರಾಡ್ ಹಾಕಿ ಕಾಯಿಸಿದರೂ ಅಷ್ಟೇ. ನೀರಿಗೆ ಕಂಪನಿಯ ಹೆಸರು ಗೊತ್ತಿಲ್ಲ.

ಮನೆಯಲ್ಲಿ ಐದು ಜನ, ತಲೆಗೊಂದು ಬಕೆಟ್. ದಿನಕ್ಕೆ ಎರಡೂವರೆ ಯೂನಿಟ್, ತಿಂಗಳಿಗೆ 75 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ 450 ರೂಪಾಯಿ. ಇದು ಬರೀ ಮೈ ತೊಳೆಯುವ ಖರ್ಚು. ಗೀಸರಿನ ಸ್ವಿಚ್ಚು ರಾತ್ರಿಯೆಲ್ಲ ಬಿಟ್ಟಿದ್ದರೆ ಅದರ ಬಾಬತ್ತು ಬೇರೆ.

ಈಗ ಗೃಹಜ್ಯೋತಿಯ ಮಾತು. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ತನಕ ಉಚಿತವೆಂದು ಜನ ತಿಳಿದಿದ್ದಾರೆ. ಪೂರ್ತಿ ನಿಜವಲ್ಲ. 2022-23ರಲ್ಲಿ ಆ ಮನೆಯ ಸರಾಸರಿ ಬಳಕೆ ಎಷ್ಟಿತ್ತೋ ಅದರ ಮೇಲೆ ನೂರಕ್ಕೆ ಹತ್ತು ಸೇರಿಸಿದರೆ ಬರುವುದೇ ಆ ಮನೆಯ ಉಚಿತದ ಪಾಲು. 48 ಯೂನಿಟ್ಟಿಗಿಂತ ಕಡಿಮೆ ಸುಡುತ್ತಿದ್ದ ಸಣ್ಣ ಮನೆಗಳಿಗೆ ಆಮೇಲೆ ನೂರಕ್ಕೆ ಹತ್ತರ ಬದಲು 10 ಯೂನಿಟ್ ಸೇರಿಸಿಕೊಟ್ಟರು. ಹೊಸ ಮನೆಗೆ ರಾಜ್ಯದ ಸರಾಸರಿ ಹಿಡಿದು 58 ಯೂನಿಟ್. ಪಾಲು ಮೀರಿದರೆ ಮೀರಿದ್ದಕ್ಕೆ ದುಡ್ಡು. 200 ದಾಟಿತೋ, ಇಡೀ ಬಿಲ್ಲನ್ನೇ ಕಟ್ಟಬೇಕು.

ಹಂಡೆಯಲ್ಲಿ ನೀರು ಕಾಯಿಸಿಕೊಂಡು ತಿಂಗಳಿಗೆ 60 ಯೂನಿಟ್ ಸುಡುತ್ತಿದ್ದ ಮನೆಗೆ 66 ಯೂನಿಟ್ ಉಚಿತ. ಅದೇ ಮನೆಗೆ ಗೀಸರು ಬಂದರೆ ಬಳಕೆ 135ಕ್ಕೆ ಏರುತ್ತದೆ. ಸೊನ್ನೆ ಬಿಲ್ಲು ಹೋಗಿ 69 ಯೂನಿಟ್ಟಿನ ಬಿಲ್ಲು ಬರುತ್ತದೆ. 120 ಯೂನಿಟ್ ಸುಡುತ್ತಿದ್ದ ಮನೆ 195ಕ್ಕೆ ಬಂದು ನಿಲ್ಲುತ್ತದೆ. ನಡುವೆ ಮಗಳು-ಅಳಿಯ ಮೊಮ್ಮಕ್ಕಳೊಂದಿಗೆ ಹಬ್ಬಕ್ಕೆ ಬಂದು ನಾಲ್ಕು ದಿನ ಉಳಿದರೆ 200ರ ಗೆರೆ ದಾಟಿತೆಂದೇ ಲೆಕ್ಕ. “ಮೀಟರ್ ಜಿಗ್ಯಾಕತ್ತೈತ್ರೀ” ಎಂದು ಹೆಸ್ಕಾಂ ಕಚೇರಿಯ ಬಾಗಿಲಿಗೆ ಹೋಗುವವರಲ್ಲಿ ಎಷ್ಟೋ ಜನರ ಮೀಟರ್ ಸರಿಯಾಗಿಯೇ ಇರುತ್ತದೆ. ಜಿಗಿಯುವುದು ಬಚ್ಚಲದ ಗೋಡೆಯ ಮೇಲಿನದು.

ಬಿಸಿನೀರು ಯಾಕೆ ಎಳೆಯಾಗಿ ಬರುತ್ತದೆ?

ಇಲ್ಲಿ ಎರಡು ಬೇರೆ ಬೇರೆ ರೋಗಗಳನ್ನು ಒಂದೇ ಎಂದು ತಿಳಿಯುವ ತಪ್ಪು ನಡೆಯುತ್ತದೆ.

ಮೊದಲನೆಯದು ಗೀಸರಿನ ಜಾತಿ. ಸಣ್ಣ ಡಬ್ಬಿಯಂಥ ಇನ್‌ಸ್ಟಂಟ್ ಗೀಸರು 3 ಕಿಲೋವ್ಯಾಟಿನದು. ಹೆಸರೇ ತತ್‌ಕ್ಷಣ ಎಂದಿದ್ದರೂ ಅದರ ಶಕ್ತಿಗೆ ಮಿತಿ ಇದೆ. ನೀರನ್ನು 20 ಡಿಗ್ರಿ ಏರಿಸುವಾಗ ಅದು ನಿಮಿಷಕ್ಕೆ ಎರಡು ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ಕೊಡಬಲ್ಲದು, ಅಷ್ಟೆ. ಒಂದು ಬಕೆಟ್ಟಿಗೆ ಒಂಬತ್ತು ನಿಮಿಷ. ಐದು ಜನರಿಗೆ ಮುಕ್ಕಾಲು ತಾಸು. ನಳವನ್ನು ಪೂರ್ತಿ ತಿರುವಿದರೆ ನೀರು ಜೋರಾಗಿ ಬಂದೀತು, ಬಿಸಿ ಹೋದೀತು. ಇದಕ್ಕೆ ಪ್ಲಂಬರನನ್ನು ಬೈದು ಪ್ರಯೋಜನವಿಲ್ಲ. ಅಡಿಗೆಮನೆಯ ಪಾತ್ರೆ ತೊಳೆಯಲಿಕ್ಕೆ, ಒಬ್ಬಿಬ್ಬರಿರುವ ಮನೆಗೆ ಅದು ಸಾಕು. ಬಸ್ಸಿಗೆ ಓಡುವ ಐದು ಜನರ ಸಂಸಾರಕ್ಕೆ ಅದನ್ನು ಮಾರಿದವರದೂ ತಪ್ಪು, ಕೊಂಡವರದೂ ತಪ್ಪು.

ಟಾಕಿ ಇರುವ 25 ಲೀಟರಿನ ಗೀಸರು 2 ಕಿಲೋವ್ಯಾಟಿನದಾದರೆ, ಟಾಕಿಯ ನೀರು 60 ಡಿಗ್ರಿಗೆ ಏರಲು ಅರ್ಧ ತಾಸಿನ ಮೇಲೆ ಸ್ವಲ್ಪ ಹಿಡಿಯುತ್ತದೆ. ಅದಕ್ಕೆ ತಣ್ಣೀರು ಬೆರೆಸಿದರೆ ಎರಡು ಬಕೆಟ್ ದಾಟಿ ಸ್ನಾನದ ನೀರು ಸಿಗುತ್ತದೆ. ನೀರು ನಳದ ಪೂರ್ತಿ ಜೋರಿನಿಂದ ಬರುತ್ತದೆ. ಮನೆಯಾಕೆ ಎದ್ದು ಕಸ ಹೊಡೆಯುವ ಮೊದಲು ಸ್ವಿಚ್ಚು ಹಾಕಿದರೆ, ಅಂಗಳಕ್ಕೆ ನೀರು ಹೊಡೆದು ರಂಗೋಲಿ ಇಟ್ಟು ಒಳಗೆ ಬರುವಷ್ಟರಲ್ಲಿ ನೀರು ತಯಾರು. ಇಬ್ಬರದು ಮುಗಿದ ಮೇಲೆ ಮತ್ತೆ ಅರ್ಧ ತಾಸು ಬಿಡಬೇಕು ಎಂಬುದನ್ನು ಮಾತ್ರ ಮನೆಮಂದಿ ತಿಳಿದಿರಬೇಕು. ಕೊಳ್ಳುವಾಗ ಡಬ್ಬಿಯ ಮೇಲಿನ ನಕ್ಷತ್ರ ಎಣಿಸಿರಿ. ನಕ್ಷತ್ರ ಹೆಚ್ಚಿದಷ್ಟೂ ಟಾಕಿಯಲ್ಲಿ ಬಿಸಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಎರಡನೆಯ ರೋಗ ಪೈಪಿನದು. ಇದನ್ನು ಹುಡುಕಲು ಬೇಕಾದದ್ದು ಒಂದು ಬಕೆಟ್ಟು, ಒಂದು ಗಡಿಯಾರ. ತಣ್ಣೀರಿನ ನಳ ಪೂರ್ತಿ ಬಿಟ್ಟು ಬಕೆಟ್ ತುಂಬಲು ಎಷ್ಟು ಹೊತ್ತಾಯಿತು ನೋಡಿರಿ. ಆಮೇಲೆ ಬಿಸಿನೀರಿನ ನಳ ಬಿಟ್ಟು ನೋಡಿರಿ.

ಎರಡೂ ನಿಧಾನವಾದರೆ ದೋಷ ಗೀಸರಿನದಲ್ಲ. ಮಾಳಿಗೆಯ ಮೇಲಿನ ಟಾಕಿ ಎತ್ತರ ಸಾಲದು, ಇಲ್ಲವೆ ಟಾಕಿಯಿಂದ ಇಳಿಯುವ ಪೈಪು ಸಣ್ಣದು. ನೀರು ಹತ್ತು ಮೀಟರು ಎತ್ತರದಿಂದ ಇಳಿದರೆ ಚದರ ಸೆಂಟಿಮೀಟರಿಗೆ ಒಂದು ಕಿಲೊ ಒತ್ತಡ. ನಳದಿಂದ ಒಂದೇ ಮೀಟರು ಮೇಲೆ ಟಾಕಿ ಕೂರಿಸಿದರೆ ಅದರ ಹತ್ತನೇ ಒಂದು ಪಾಲು. ಅದಕ್ಕೆ ಮೋರೆ ತೊಳೆಯುವ ನೀರು ಬಂದೀತು, ಶವರು ಬಾರದು. ಟಾಕಿಗೆ ನಾಲ್ಕು ಅಡಿ ಕಟ್ಟೆ ಕಟ್ಟಿಸಿ, ಇಳಿಯುವ ಪೈಪನ್ನು ಒಂದಿಂಚಿನದು ಮಾಡಿಸಿದರೆ ಫರಕು ಕಾಣುತ್ತದೆ.

ತಣ್ಣೀರು ಜೋರಾಗಿ ಬಂದು ಬಿಸಿನೀರಷ್ಟೇ ನಿಧಾನವಾದರೆ ಕಾರಣ ಗೀಸರಿನ ದಾರಿಯಲ್ಲಿದೆ. ಗೀಸರಿನ ಕೆಳಗಿನ ಸಣ್ಣ ಕಾಕನ್ನು ರಿಪೇರಿಯವನು ಅರ್ಧ ತಿರುವಿ ಹಾಗೆಯೇ ಬಿಟ್ಟಿರಬಹುದು. ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವಿನಲ್ಲಿ ಕಸ ಸಿಕ್ಕಿರಬಹುದು. ಜೋಡಿಸುವ ಪೈಪು ಮಡಚಿರಬಹುದು. ಒಂದೇ ನಳದಲ್ಲಿ ನಿಧಾನವಾದರೆ ಆ ನಳದ ಬಾಯಿಯ ಜಾಳಿಗೆ ಬಿಚ್ಚಿ ತೊಳೆದರೆ ಮುಗಿಯಿತು. ಐದು ನಿಮಿಷದ ಕೆಲಸ. ಇದಕ್ಕೇ ಗೋಡೆ ಒಡೆಸಿಕೊಂಡವರಿದ್ದಾರೆ.

ಇವೆಲ್ಲಕ್ಕೂ ಹಿರಿಯ ಕಾರಣ ಒಂದಿದೆ. ಅದು ಬೋರಿನ ನೀರು.

ಸುಣ್ಣದ ಕಾಟ

ಈ ಭಾಗದಲ್ಲಿ ಬೋರಿನ ನೀರು ಬಹಳ ಕಡೆ ಗಡುಸು. ಬೇಳೆ ಲಗೂ ಬೇಯುವುದಿಲ್ಲ, ಸಾಬೂನು ನೊರೆ ಕೊಡುವುದಿಲ್ಲ, ಚಹದ ಪಾತ್ರೆಯ ತಳದಲ್ಲಿ ಬಿಳಿ ಹೆಕ್ಕಳಿಕೆ ಕೂರುತ್ತದೆ ಎಂದು ಮನೆಮನೆಯಲ್ಲಿ ಹೇಳುವ ಮಾತು. ಅದೇ ಬಿಳಿ ಹೆಕ್ಕಳಿಕೆ ಗೀಸರಿನ ಕಾಯಿಲ್ ಮೇಲೂ ಕೂರುತ್ತದೆ. ನೀರು ಹೆಚ್ಚು ಕಾದಷ್ಟೂ, ಅದರಲ್ಲೂ 60 ಡಿಗ್ರಿ ದಾಟಿದಷ್ಟೂ, ಸುಣ್ಣ ಬೇಗ ಬಿಡುತ್ತದೆ. ಕಾಯಿಲ್ ಸುತ್ತ ಪದರ ಕಟ್ಟಿದರೆ ನೀರು ಕಾಯಲು ತಡ, ಕಾಯಿಲ್ ಒಳಗೊಳಗೇ ಸುಟ್ಟು ಹೋಗುವುದು ಬೇಗ. ಪೈಪಿನ ಒಳಗೂ ಪದರ ಬೆಳೆದು, ಅರ್ಧ ಇಂಚಿನ ಪೈಪಿನಲ್ಲಿ ಕಡ್ಡಿ ಹೋಗುವಷ್ಟೇ ತೂತು ಉಳಿಯುತ್ತದೆ. ಹಳೆಯ ಕಬ್ಬಿಣದ ಪೈಪಾದರೆ ತುಕ್ಕೂ ಜೊತೆಗೆ.

ಪರಿಹಾರ ಕಷ್ಟದ್ದಲ್ಲ. ಗೀಸರಿನ ಬಿಸಿ ಅಳೆಯುವ ಗುಂಡಿಯನ್ನು ಪೂರ್ತಿ ಏರಿಸದೆ 50ರಿಂದ 60ರ ನಡುವೆ ಇಡಬೇಕು. ಮಕ್ಕಳಿರುವ ಮನೆಯಲ್ಲಿ ಮೈ ಸುಡುವ ಭಯವೂ ಇದರಿಂದ ಕಡಿಮೆ. ವರ್ಷಕ್ಕೊಮ್ಮೆ ಬಿಚ್ಚಿಸಿ ಸುಣ್ಣ ತೆಗೆಸಬೇಕು. ಟಾಕಿಯೊಳಗೆ ಮೆಗ್ನೀಷಿಯಂ ಸಲಾಕೆಯೊಂದಿರುತ್ತದೆ. ಟಾಕಿಗೆ ಹಿಡಿಯಬೇಕಾದ ತುಕ್ಕನ್ನು ತಾನು ತಿಂದುಕೊಂಡು ಟಾಕಿಯನ್ನು ಉಳಿಸುವುದು ಅದರ ಕೆಲಸ. ಅದು ಸವೆದಾಗ ಬದಲಿಸಬೇಕು. ನೂರು ಗಿರಾಕಿಗಳಲ್ಲಿ ಎಷ್ಟು ಜನರಿಗೆ ಈ ಸಲಾಕೆಯ ಸುದ್ದಿ ಅಂಗಡಿಯಲ್ಲಿ ಹೇಳಿದ್ದಾರೆ? ನಳದ ನೀರು ಸಿಗುವ ಮನೆಯವರು ಬಚ್ಚಲಕ್ಕೆ ಅದನ್ನೇ ಬಿಟ್ಟು, ಬೋರಿನ ನೀರನ್ನು ಬಳಕೆಯ ಉಳಿದ ಕೆಲಸಕ್ಕೆ ಇಟ್ಟುಕೊಂಡರೆ ಗೀಸರಿನ ಆಯುಷ್ಯ ಹೆಚ್ಚುತ್ತದೆ.

ಹಂಡೆಯನ್ನು ಹಳಿಯಬೇಡಿ

ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಹುಣಸೆಹಣ್ಣು ಹಚ್ಚಿ ಹಂಡೆ ತಿಕ್ಕಿ, ಸುಣ್ಣ-ಕೆಮ್ಮಣ್ಣು ಬಳಿದು, ಕೊರಳಿಗೆ ಬಳ್ಳಿ ಕಟ್ಟಿ ಪೂಜೆ ಮಾಡುವ ನಾಡು ಇದು. ಹಾನಗಲ್ಲ, ಹಿರೇಕೆರೂರದ ಹಳ್ಳಿಗಳಲ್ಲಿ ಇವತ್ತಿಗೂ ಬಚ್ಚಲದ ಒಲೆ ಆರಿಲ್ಲ. ಹತ್ತಿಕಟ್ಟಿಗೆ, ಗೋವಿನಜೋಳದ ಕಾಳು ಬಿಡಿಸಿ ಉಳಿದ ಬೆಂಡು, ತೆಂಗಿನ ಚಿಪ್ಪು, ಕುಳ್ಳು - ಹೊಲ-ಮನೆಯಲ್ಲಿ ಪುಕ್ಕಟೆ ಬೀಳುವುದನ್ನು ಉರಿಸಿ ನೀರು ಕಾಯಿಸುವುದರಲ್ಲಿ ನಾಚಿಕೆಯೇನೂ ಇಲ್ಲ. ಇರುವ ದೋಷ ಒಲೆಯದು.

ಮೂರು ಕಲ್ಲಿನ ಬಾಯ್ತೆರೆದ ಒಲೆಯಲ್ಲಿ ಉರಿಯ ಹತ್ತು ಪಾಲಿನಲ್ಲಿ ಒಂದೋ ಒಂದೂವರೆಯೋ ಪಾಲು ನೀರಿಗೆ ಮುಟ್ಟುತ್ತದೆ. ಉಳಿದದ್ದು ಗೋಡೆಗೆ, ಗಾಳಿಗೆ, ಊದುವ ತಾಯಂದಿರ ಕಣ್ಣಿಗೆ. ಐದು ಬಕೆಟ್ಟಿಗೆ ದಿನಕ್ಕೆ ಐದಾರು ಕಿಲೊ ಕಟ್ಟಿಗೆ ಬೇಕು. ಅದೇ ಹಂಡೆಯನ್ನು ಸುತ್ತಲೂ ಮಣ್ಣಿನಿಂದ ಮುಚ್ಚಿ ಕೂರಿಸಿ, ಕೆಳಗೆ ಕಬ್ಬಿಣದ ಜಾಳಿಗೆಯಿಟ್ಟು ಗಾಳಿ ಬರುವಂತೆ ಮಾಡಿ, ಹಿಂದೆ ಹೊಗೆಕೊಳವೆ ಹಾಕಿದರೆ ಎರಡು ಕಿಲೊ ಕಟ್ಟಿಗೆಯಲ್ಲಿ ಕೆಲಸ ಆಗಬಲ್ಲದು. ಹೊಗೆ ಮಾಳಿಗೆಯ ಮೇಲೆ ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ಮಾಡಿದ ಅಸ್ತ್ರ ಒಲೆಯ ಮರ್ಮವೂ ಇದೇ: ಉರಿಯನ್ನು ಕಟ್ಟಿಹಾಕು, ಗಾಳಿಗೆ ದಾರಿ ಕೊಡು, ಹೊಗೆಯನ್ನು ಹೊರಗಟ್ಟು. ಎಂಬತ್ತರ ದಶಕದಲ್ಲಿ ರಾಜ್ಯದ ಹಳ್ಳಿಹಳ್ಳಿಗೆ ಹೋದ ಆ ಒಲೆಯ ವಿದ್ಯೆಯನ್ನು ಗ್ಯಾಸು ಬಂದ ಮೇಲೆ ಎಲ್ಲರೂ ಮರೆತರು. ಅಡಿಗೆಗೆ ಗ್ಯಾಸು ಬಂದರೂ ಬಚ್ಚಲಕ್ಕೆ ಕಟ್ಟಿಗೆಯೇ ಉಳಿದ ಮನೆಗಳಿವೆ. ಅವರಿಗೆ ಒಳ್ಳೆಯ ಒಲೆ ಕಟ್ಟಿಕೊಡುವವರು ಯಾರು?

ನಡುವೆ ಹೊಗೆಕೊಳವೆ ಇರುವ ತಾಮ್ರದ ಬಂಬ ಇನ್ನೊಂದು ಉಪಾಯ. ನಾಲ್ಕು ಚಿಪ್ಪು, ಒಂದು ಹಿಡಿ ಪುರಳೆಯಲ್ಲಿ ನೀರು ಕಾಯುತ್ತದೆ. ಅದನ್ನು ಗಾಳಿಯಾಡುವ ಹಿತ್ತಲಲ್ಲೇ ಹಚ್ಚಬೇಕು. ಬಾಗಿಲು ಹಾಕಿದ ಬಚ್ಚಲದೊಳಗೆ ಒಯ್ಯಬಾರದು.

ಸೋಲಾರ್: ಎಷ್ಟು ಲೀಟರು ಬೇಕು?

ಮಾಳಿಗೆ ಇದ್ದು, ವರ್ಷದ ಬಹುಭಾಗ ಬಿಸಿಲು ಬೀಳುವ ಊರಿಗೆ ಸೂರ್ಯನಿಗಿಂತ ಅಗ್ಗದ ಒಲೆಯಿಲ್ಲ. ಸವಣೂರ, ಶಿಗ್ಗಾಂವಿಯ ಬಯಲಿನ ಕಡೆ ಈ ಮಾತು ಹೆಚ್ಚು ಸಲ್ಲುತ್ತದೆ. ಹಾನಗಲ್ಲ ಮಲೆನಾಡಿನ ಸೆರಗು. ಮಿರಗಾ ಮಳೆ ಹಿಡಿದರೆ ಶ್ರಾವಣದ ತನಕ ಮೋಡ ಸರಿಯದ ದಿನಗಳಿರುತ್ತವೆ. ಹಿರೇಕೆರೂರ ತಾಲೂಕಿನ ಕೆಲಭಾಗಕ್ಕೂ ಅದೇ ಮಾತು. ಅಲ್ಲಿ ಸೋಲಾರ್ ಹಾಕಿಸಿದವರು ಹಂಡೆಯನ್ನು ಗುಜರಿಗೆ ಹಾಕಬಾರದು. ಬಿಸಿಲಿಗೆ ಸೋಲಾರು, ಮಳೆಗೆ ಹಂಡೆ ಅಥವಾ ಸಣ್ಣ ಗೀಸರು - ಈ ಜೋಡಿಯೇ ಬುದ್ಧಿವಂತರ ಜೋಡಿ.

ಅಂಗಡಿಯಲ್ಲಿ ಐದು ಜನ ಎಂದ ಕೂಡಲೇ “200 ಲೀಟರಿಂದು ತಗೋರಿ ಅಕ್ಕಾರ, ನಾಳೆ ಸೊಸಿ ಬರ್ತಾಳ” ಎನ್ನುತ್ತಾರೆ. ಲೆಕ್ಕ ಹಾಕಿ ನೋಡಬೇಕು. 100 ಲೀಟರಿನ ಟಾಕಿಯಲ್ಲಿ ಒಳ್ಳೆಯ ಬಿಸಿಲಿಗೆ ನೀರು 60 ಡಿಗ್ರಿ ಮುಟ್ಟಿದರೆ, ತಣ್ಣೀರು ಬೆರೆಸಿ 190 ಲೀಟರು ಸ್ನಾನದ ನೀರಾಗುತ್ತದೆ, ಅಂದರೆ ಒಂಬತ್ತು ಬಕೆಟ್. ಬಿಸಿಲು ಮಂದವಾಗಿ 45 ಡಿಗ್ರಿ ತನಕ ಮಾತ್ರ ಕಾದರೂ ಐದು ಬಕೆಟ್ಟಿಗೆ ಮೋಸವಿಲ್ಲ. ಬಕೆಟ್ಟಿನಲ್ಲಿ ಜಳಕ ಮಾಡುವ ಐದು ಜನರ ಮನೆಗೆ 100 ಲೀಟರು ಸಾಕು. ಶವರಿನ ಕೆಳಗೆ ಹಾಡು ಹೇಳುತ್ತ ನಿಲ್ಲುವ ಮಕ್ಕಳಿದ್ದರೆ 200ರ ಮಾತು. ಒಂಬತ್ತು ತಿಂಗಳು ಬಿಸಿಲು ಸಿಕ್ಕರೆ ಈ ಮನೆಗೆ ವರ್ಷಕ್ಕೆ ಸುಮಾರು 675 ಯೂನಿಟ್ ಉಳಿತಾಯ. ಆರು ರೂಪಾಯಿಯಂತೆ ನಾಲ್ಕು ಸಾವಿರ. ಹಾಕಿಸಿದ ದುಡ್ಡಿನಲ್ಲಿ ಇದನ್ನು ಭಾಗಿಸಿದರೆ ಎಷ್ಟು ವರ್ಷಕ್ಕೆ ಮುಟ್ಟುತ್ತದೆ ಎಂದು ಅಂಗಡಿಕಾರರು ಬಾಯಲ್ಲೇ ಹೇಳಿಯಾರು.

ಇನ್ನೊಂದು ಎಚ್ಚರ. ಸೋಲಾರಿನಲ್ಲಿ ಎರಡು ಜಾತಿ. ತಾಮ್ರದ ಸಣ್ಣ ಕೊಳವೆಗಳ ಚಪ್ಪಟೆ ಪೆಟ್ಟಿಗೆ ಒಂದು, ಗಾಜಿನ ದಪ್ಪ ನಳಿಕೆಗಳದು ಇನ್ನೊಂದು. ಬೋರಿನ ಗಡುಸು ನೀರು ಸಣ್ಣ ಕೊಳವೆಯಲ್ಲಿ ಸುಣ್ಣ ಕಟ್ಟಿ ಎರಡು-ಮೂರು ವರ್ಷಕ್ಕೆ ಉಸಿರುಗಟ್ಟಿಸಬಹುದು. ಗಡುಸು ನೀರಿಗೆ ಗಾಜಿನ ನಳಿಕೆ ವಾಸಿ. ಅದನ್ನು ತೊಳೆಯುವುದೂ ಸುಲಭ. ಒಡೆದರೆ ಒಂದೇ ನಳಿಕೆ ಬದಲಿಸಬಹುದು. ಮಂಗಗಳ ಕಾಟ ಇರುವ ಓಣಿಯವರು ಜಾಳಿಗೆ ಹಾಕಿಸುವುದು ಒಳ್ಳೆಯದು.

ಜೋಡಿಸುವಾಗ ಮೋರೆ ದಕ್ಷಿಣಕ್ಕೆ ಇರಬೇಕು, ತೆಂಗಿನ ಮರದ ಅಥವಾ ಪಕ್ಕದ ಮಾಳಿಗೆಯ ನೆರಳು ಬೀಳಬಾರದು. ಬಿಸಿನೀರು ಹಗುರ, ತಾನಾಗಿ ಮೇಲೇರುತ್ತದೆ. ಆದ್ದರಿಂದ ಬಿಸಿನೀರಿನ ಟಾಕಿ ನಳಿಕೆಗಳ ಮೇಲಿರಬೇಕು, ಅದಕ್ಕೆ ನೀರು ಕೊಡುವ ತಣ್ಣೀರಿನ ಟಾಕಿ ಅದಕ್ಕಿಂತಲೂ ಎತ್ತರದಲ್ಲಿರಬೇಕು. ಬಹಳ ಮನೆಗಳಲ್ಲಿ ಮೊದಲೇ ಟಾಕಿಯನ್ನು ಮಾಳಿಗೆಯ ನೆಲದ ಮೇಲೆ ಕೂರಿಸಿಬಿಟ್ಟಿರುತ್ತಾರೆ. ಆಮೇಲೆ ಸೋಲಾರ್ ಬಂದಾಗ ನೀರು ಏರುವುದಿಲ್ಲ, ಗಾಳಿ ಸಿಕ್ಕಿಕೊಂಡು ನಳ ಗುಳುಗುಳು ಎನ್ನುತ್ತದೆ. ಮನೆ ಕಟ್ಟಿಸುವವರು ಗೌಂಡಿಗೆ ಮೊದಲೇ ಹೇಳಬೇಕಾದ ಮಾತು ಇದು.

ಪೈಪಿನ ಉದ್ದವೂ ಲೆಕ್ಕಕ್ಕಿದೆ. ಮಾಳಿಗೆಯಿಂದ ಬಚ್ಚಲಕ್ಕೆ ಮುಕ್ಕಾಲು ಇಂಚಿನ ಪೈಪು 15 ಮೀಟರು ಇದ್ದರೆ, ಅದರಲ್ಲಿ ರಾತ್ರಿ ತಣ್ಣಗಾಗಿ ನಿಂತ ನೀರು ನಾಲ್ಕೂವರೆ ಲೀಟರಿಗೂ ಮಿಕ್ಕಿ. ಅಷ್ಟು ಹೊರಬಿದ್ದ ಮೇಲೆಯೇ ಬಿಸಿನೀರು. ನಳಕ್ಕೆ ನೀರು ದಿನಾ ಬಾರದ ಊರಿನಲ್ಲಿ ಆ ನೀರನ್ನು ಗಟಾರಕ್ಕೆ ಬಿಡುವುದು ಪಾಪ. ಕೊಡಕ್ಕೆ ಹಿಡಿದಿಡಿರಿ. ಪೈಪಿಗೆ ಬಿಸಿ ತಡೆಯುವ ಕವಚ ಹಾಕಿಸಿರಿ. ಒಬ್ಬರ ಹಿಂದೊಬ್ಬರು ಜಳಕ ಮುಗಿಸಿದರೆ ಈ ನಷ್ಟ ದಿನಕ್ಕೊಮ್ಮೆ ಮಾತ್ರ.

ಸಬ್ಸಿಡಿ ಎಂಬ ಮಾಯಾಜಿಂಕೆ

“ಮೋದಿ ಸಬ್ಸಿಡಿ ಐತ್ರಿ, ಈಗ ರೊಕ್ಕ ಕಟ್ರಿ, ಆಮೇಲ ಅಕೌಂಟಿಗೆ ಜಮಾ ಆಕ್ಕೈತಿ” ಎಂದು ನೀರು ಕಾಯಿಸುವ ಸೋಲಾರ್ ಮಾರಲು ಯಾರಾದರೂ ಬಂದರೆ ಎಚ್ಚರ ಇರಲಿ. ನೀರು ಕಾಯಿಸುವ ಸೋಲಾರಿಗೆ ಕೇಂದ್ರ ಸರಕಾರ ಕೊಡುತ್ತಿದ್ದ ಸಹಾಯಧನ ನಮ್ಮ ರಾಜ್ಯದಂಥ ಕಡೆಗಳಲ್ಲಿ 2014ರಲ್ಲೇ ನಿಂತಿತು. 2024ರ ಫೆಬ್ರುವರಿಯಲ್ಲಿ ಶುರುವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ ಬೇರೆ. ಅದು ಮಾಳಿಗೆಯ ಮೇಲೆ ಕರೆಂಟ್ ತಯಾರಿಸುವ ಫಲಕಗಳಿಗೆ. ಎರಡೂ ಬಿಸಿಲಿಗೆ ಮೈಯೊಡ್ಡಿ ಮಲಗಿರುತ್ತವೆ, ಹೆಸರೂ ಒಂದೇ ಸೋಲಾರು, ಆದರೆ ಒಂದು ನೀರು ಕಾಯಿಸುತ್ತದೆ, ಇನ್ನೊಂದು ವಿದ್ಯುತ್ತು ಕೊಡುತ್ತದೆ. ಈ ಗೊಂದಲವೇ ಕೆಲವರಿಗೆ ದಂಧೆ.

ನೀರು ಕಾಯಿಸುವ ಸೋಲಾರ್ ಇದ್ದ ಮನೆಗೆ ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯ್ತಿ ಕೊಡುವ ಪದ್ಧತಿ ರಾಜ್ಯದಲ್ಲಿ ವರ್ಷಗಟ್ಟಲೆ ನಡೆದು ಬಂದದ್ದು. ತಾನಾಗಿ ಅದು ಬಿಲ್ಲಿನಲ್ಲಿ ಇಳಿಯುವುದಿಲ್ಲ. ಹಾಕಿಸಿದವರು ಹೆಸ್ಕಾಂ ಶಾಖೆಗೆ ಹೋಗಿ ಅರ್ಜಿ ಕೊಟ್ಟು ಕೇಳಬೇಕು. ಕೇಳದವರ ಕೂಸಿಗೆ ಹಾಲಿಲ್ಲ.

ಜೀವಕ್ಕಿಂತ ಬಿಸಿನೀರು ದೊಡ್ಡದಲ್ಲ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಬಕೆಟ್ಟಿಗೆ ಇಳಿಬಿಡುವ ರಾಡ್ ಸಂತೆಯಲ್ಲೂ ಸಿಗುತ್ತದೆ. ಬಾಡಿಗೆ ಖೋಲಿಯ ಹುಡುಗರಿಗೆ, ಬಡವರ ಮನೆಗೆ ಅದೇ ಗತಿ. 1500 ವ್ಯಾಟಿನ ರಾಡ್ ಎಳೆಯುವುದು ಆರೂವರೆ ಆಂಪಿಯರ್. ಅದನ್ನು ಫ್ಯಾನು-ಮೊಬೈಲಿಗೆ ಇರುವ ಸಣ್ಣ ಸಾಕೆಟ್ಟಿಗೆ ಸಿಕ್ಕಿಸಿದರೆ ಸಾಕೆಟ್ಟು ಕಾದು ಕರಗುತ್ತದೆ. ಕಬ್ಬಿಣದ ಬಕೆಟ್ಟಿನಲ್ಲಿ ಇಟ್ಟು, ಅರ್ಥ್ ಇಲ್ಲದೆ, “ಕಾದೈತೋ ಇಲ್ಲೋ” ಎಂದು ಬೆರಳು ಅದ್ದಿ ನೋಡಿದವರು ಮತ್ತೆ ಬೆರಳು ತೆಗೆಯದೇ ಹೋದ ಸುದ್ದಿಗಳು ಪ್ರತಿ ಚಳಿಗಾಲ ಎಲ್ಲಿಂದಲೋ ಬರುತ್ತವೆ. ಮೊದಲು ಸ್ವಿಚ್ಚು ಆರಿಸಬೇಕು, ಆಮೇಲೆ ಪ್ಲಗ್ಗು ಕೀಳಬೇಕು, ಆಮೇಲೆ ನೀರು ಮುಟ್ಟಬೇಕು. ಈ ಕ್ರಮ ಸಣ್ಣ ಮಕ್ಕಳಿಗೂ ಬಾಯಿಪಾಠ ಆಗಬೇಕು.

ಗೀಸರಿಗೆ ಮೂರು ಕಾಲಿನ ದೊಡ್ಡ ಪ್ಲಗ್ಗು, ಅದಕ್ಕೇ ಬೇರೆ ವೈರು, ನಿಜವಾದ ಅರ್ಥಿಂಗ್ ಬೇಕು. ಹಳೆಯ ಮನೆಗಳಲ್ಲಿ ಮೂರನೆಯ ತೂತು ಶೋಕಿಗೆ ಮಾತ್ರ, ಹಿಂದೆ ವೈರೇ ಇರುವುದಿಲ್ಲ. ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಿರುತ್ತದೆ. ಅದಕ್ಕೆ ವಾರಕ್ಕೊಂದು ಕೊಡ ನೀರು ಹಾಕುವ ಪದ್ಧತಿ ಹಿರಿಯರಿಗೆ ಗೊತ್ತಿತ್ತು. ಇದರ ಜೊತೆ, ವಿದ್ಯುತ್ತು ಸೋರಿದ ಕ್ಷಣವೇ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಹಾಕಿಸಿದರೆ ಮನೆಯವರ ಪ್ರಾಣಕ್ಕೆ ಕಾವಲು. ಗೀಸರಿನ ಬೆಲೆಯ ಮುಂದೆ ಅದರ ಬೆಲೆ ದೊಡ್ಡದಲ್ಲ. ಗೀಸರಿನ ಪಕ್ಕದ ಸಣ್ಣ ವಾಲ್ವಿನಿಂದ ಹನಿ ನೀರು ಬೀಳುತ್ತದೆಂದು ಅದಕ್ಕೆ ಬಿರಡೆ ಬಡಿಯುವವರಿದ್ದಾರೆ. ಒಳಗೆ ಒತ್ತಡ ಏರಿದರೆ ಹೊರಬಿಡುವ ದಾರಿ ಅದು. ಮುಚ್ಚಿದರೆ ಗೀಸರು ಬಾಂಬು.

ಗ್ಯಾಸ್ ಗೀಸರು ನೀರನ್ನು ಜೋರಾಗಿ ಕೊಡುತ್ತದೆ, ಕರೆಂಟು ಹೋದರೂ ನಡೆಯುತ್ತದೆ, ಐದು ಜನರ ಮನೆಗೆ ತಿಂಗಳಿಗೆ ಅರ್ಧ ಸಿಲಿಂಡರಿನಷ್ಟು ಗ್ಯಾಸು ತಿನ್ನುತ್ತದೆ. ಅದು ಉರಿಯಲು ಕೋಣೆಯ ಗಾಳಿಯನ್ನೇ ಎಳೆಯುತ್ತದೆ. ಕಿಟಕಿ ಮುಚ್ಚಿದ ಬಚ್ಚಲದಲ್ಲಿ ಗಾಳಿ ಸಾಲದೆ ಹೋದಾಗ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆ ತಿರುಗಿತು ಎನ್ನುವಷ್ಟರಲ್ಲಿ ಕಾಲಲ್ಲಿ ಬಲ ಇರುವುದಿಲ್ಲ, ಬಾಗಿಲ ಚಿಲಕಕ್ಕೆ ಕೈ ಏಳುವುದಿಲ್ಲ. ರಾಜ್ಯದಲ್ಲಿ ಹೀಗೆ ಬಚ್ಚಲದಲ್ಲೇ ಪ್ರಾಣ ಬಿಟ್ಟವರ ಸುದ್ದಿ ಮತ್ತೆ ಮತ್ತೆ ಬಂದಿದೆ. ಗ್ಯಾಸ್ ಗೀಸರು ಬಚ್ಚಲದ ಹೊರಗೆ, ಬಯಲು ಗಾಳಿಯಲ್ಲಿ ಇರಬೇಕು. ಒಳಗೆ ಹಾಕಿಸಿಕೊಂಡವರು ಇವತ್ತೇ ಹೊರಗೆ ಹಾಕಿಸಬೇಕು. ನಾಳೆ ಎನ್ನುವಂತಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಹೊಲ-ಹಿತ್ತಿಲು ಇದ್ದು ಕಟ್ಟಿಗೆ ಪುಕ್ಕಟೆ ಸಿಗುವವರಿಗೆ ಹೊಗೆಕೊಳವೆಯ ಒಲೆ ಮತ್ತು ಹಂಡೆ. ಸ್ವಂತ ಮಾಳಿಗೆ ಇದ್ದವರಿಗೆ ಸೋಲಾರು, ಮಳೆಗಾಲಕ್ಕೆ ಹಂಡೆಯೋ ಸಣ್ಣ ಗೀಸರೋ ಜೊತೆಗೆ. ಬಾಡಿಗೆ ಮನೆಯ ಸಂಸಾರಕ್ಕೆ, ಬಿಚ್ಚಿಕೊಂಡು ಹೋಗಬಹುದಾದ ಟಾಕಿಯ ಗೀಸರು. ಒಬ್ಬಂಟಿ ನೌಕರದಾರರಿಗೆ ಇನ್‌ಸ್ಟಂಟ್. ಯಾವುದೇ ಆಗಲಿ, ಕೊಳ್ಳುವ ಮೊದಲು ಅಂಗಡಿಯಲ್ಲಿ ನಾಲ್ಕು ಮಾತು ಕೇಳಿರಿ: ನಿಮಿಷಕ್ಕೆ ಎಷ್ಟು ಲೀಟರು? ಬೋರಿನ ನೀರು ತಡೆಯುತ್ತದೆಯೇ? ಅರ್ಥಿಂಗ್ ನೋಡಿ ಜೋಡಿಸಿಕೊಡುವವರು ಯಾರು? ಕೆಟ್ಟರೆ ಊರಿಗೆ ಬಂದು ರಿಪೇರಿ ಮಾಡುವವರು ಯಾರು? ಉತ್ತರ ತಡವರಿಸಿದರೆ ಮುಂದಿನ ಅಂಗಡಿಗೆ ಹೋಗಿರಿ. ಮಾರುವ ಅಂಗಡಿಕಾರರೂ ಊರಿನವರೇ. ಗಿರಾಕಿಯ ಮನೆಯ ಮಂದಿಯೆಷ್ಟು ಎಂದು ಕೇಳಿ ಸರಿಯಾದ ಮಾಲು ಕೊಟ್ಟರೆ ಅವರ ಅಂಗಡಿಗೇ ಹೆಸರು.

ಆಡಳಿತದ ಪಾಲೂ ಇದರಲ್ಲಿದೆ. ಪಟ್ಟಣಗಳಲ್ಲಿ ನಿಗದಿತ ಅಳತೆ ಮೀರಿದ ಹೊಸ ಮನೆಗಳಿಗೆ ಸೋಲಾರ್ ನೀರಿನ ಒಲೆ ಕಡ್ಡಾಯವೆಂದು ರಾಜ್ಯ ಸರಕಾರ 2007ರಲ್ಲೇ ಆದೇಶ ಹೊರಡಿಸಿತು. ಮನೆ ಕಟ್ಟಲು ಪರವಾನಗಿ ಕೊಡುವಾಗ ಆ ಆದೇಶದ ಜೊತೆಗೆ, ಟಾಕಿಯನ್ನು ಎಷ್ಟು ಎತ್ತರಕ್ಕೆ ಕೂರಿಸಬೇಕು ಎಂಬ ಒಂದು ಪುಟದ ತಿಳುವಳಿಕೆ ಚೀಟಿಯನ್ನೂ ಕೊಟ್ಟರೆ ಪುರಸಭೆಗೆ ಆಗುವ ಖರ್ಚು ಎಷ್ಟು? ಸರಕಾರಿ ವಸತಿನಿಲಯಗಳ ಮಾಳಿಗೆಯ ಮೇಲೆ ಸೋಲಾರ್ ಕೂರಿಸುವ ಉತ್ಸಾಹ, ಅದರ ಸುಣ್ಣ ತೆಗೆಸುವುದರಲ್ಲೂ ಇರಬೇಕು. ಉದ್ಘಾಟನೆಯ ಫೋಟೊದಿಂದ ಮಕ್ಕಳ ಮೈಗೆ ಬಿಸಿನೀರು ಬೀಳುವುದಿಲ್ಲ. ಪರೀಕ್ಷೆಯ ದಿನಗಳ ಚಳಿಯಲ್ಲಿ ತಣ್ಣೀರು ಸುರಿದುಕೊಳ್ಳುವ ಹುಡುಗ-ಹುಡುಗಿಯರು ಯಾರಿಗೆ ಹೇಳಬೇಕು?

ಇನ್ನೊಂದು ಸುಲಭದ ದಾರಿ ಇದೆ. ಐಟಿಐಗಳಲ್ಲಿ ವಿದ್ಯುತ್ ಕೆಲಸ ಕಲಿಯುವ ಹುಡುಗರಿದ್ದಾರೆ. ಚಳಿಗಾಲಕ್ಕೆ ಮೊದಲು, ದೀಪಾವಳಿಯ ಹಿಂದಿನ ವಾರ, ಹೆಸ್ಕಾಂ ಮತ್ತು ಐಟಿಐ ಕೂಡಿ ಓಣಿಗೊಂದು ದಿನ ಮನೆಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಕೊಟ್ಟರೆ ಹುಡುಗರಿಗೆ ಕಲಿಕೆ, ಜನರಿಗೆ ಜೀವರಕ್ಷೆ. ನೀರು ತುಂಬುವ ಹಬ್ಬಕ್ಕೆ ಹಂಡೆ ತಿಕ್ಕುವ ಹಾಗೆಯೇ ಗೀಸರಿನ ಪ್ಲಗ್ಗು ನೋಡುವುದೂ ಒಂದು ಶಾಸ್ತ್ರವಾಗಲಿ.

ನಾಲ್ಕು ತಾಲೂಕುಗಳ ಅಧಿಕಾರಿವರ್ಗ, ಪುರಪಿತೃಗಳು ಇತ್ತ ಕಣ್ಣು ಹಾಯಿಸುವರೇ? ಅವರು ಹಾಯಿಸುವ ತನಕ ಕಾಯದೆ ಮನೆಯವರು ನಾಳೆ ಬೆಳಿಗ್ಗೆ ಒಂದು ಬಕೆಟ್ಟು, ಒಂದು ಗಡಿಯಾರ ಹಿಡಿದು ಬಚ್ಚಲಕ್ಕೆ ಹೋಗಲಿ. ಬಸ್ಸು ತಪ್ಪಿದರೆ ಇನ್ನೊಂದು ಬಸ್ಸು ಬಂದೀತು. ಬಚ್ಚಲದಲ್ಲಿ ತಪ್ಪಿದ ಜೀವ ಬಾರದು.